ರೆನೀಟಾಳ ಕೆಮ್ಮು

ಪೊರಕೆಯ ಕೋಲಿನಿಂದ ಮದರ್ ಐಡೆಲ್ ಕೋಟಿನ ಕೋಣೆಯ ಬಾಗಿಲಿಗೆ ಇನ್ನೊಮ್ಮೆ ಗುದ್ದಿದಳು. ಒಳಗಿನ ಸ್ಯಾಕ್ಸೊಫೋನು ನಿಲ್ಲಲಿಲ್ಲ.

"ಕ್ಲಿಯೋರಾ! ನಿನ್ನ ಗಂಡನಿಗೆ ಹೇಳು, ಹಂದಿ ಕುಯ್ಯೋದಿದ್ರೆ ಹಿತ್ತಿಲಿಗೆ ಹೋಗಿ ಕುಯ್ಲಿ ಅಂತ!"

"ನೀನೇ ಹೇಳಮ್ಮ. ಬಾಗಿಲ ಮುಂದೆ ನಿಂತಿರೋಳು ನೀನು," ಎಂದು ಅಡುಗೆಮನೆಯಿಂದ ಮಗಳ ದನಿ ಬಂತು.

"ನಾನು ಅವನ ಜೊತೆ ಮಾತಾಡಲ್ಲ, ನಿಂಗೊತ್ತು."

ಬಾಗಿಲು ತೆರೆಯಿತು. ಅಳಿಯ ವರ್ಡೆಲ್ ಓಕ್ಸ್ ಬೆವರಿನಲ್ಲಿ ತೊಯ್ದು ಹೊರಬಂದ. ಕೂದಲ ತುಂಬ ಉಣ್ಣೆಯ ಜುಂಗು. ಮನೆಯವರ ಚಳಿಗಾಲದ ಕೋಟುಗಳನ್ನೆಲ್ಲ ಸುತ್ತ ನೇತುಹಾಕಿಕೊಂಡು ಅವುಗಳ ನಡುವೆ ಮುಖ ಹುದುಗಿಸಿ ಊದಿದರೆ ಸದ್ದು ಬೀದಿಗೆ ಹೋಗುವುದಿಲ್ಲ ಎಂಬುದು ಅವನು ಕಂಡುಕೊಂಡ ಉಪಾಯ. ಬೀದಿಗೆ ಹೋಗುತ್ತಿರಲಿಲ್ಲ, ನಿಜ. ಮನೆಯೊಳಗೇ ಉಳಿಯುತ್ತಿತ್ತು.

"ಮದರ್, ಕೊನೇ ಏಟು ಚೆನ್ನಾಗಿತ್ತು. ಅದೇ ಜಾಗದಲ್ಲಿ ನಂಗೊಂದು ಏಟು ಬೇಕಾಗಿತ್ತು," ಎಂದ ವರ್ಡೆಲ್.

"ಕ್ಲಿಯೋರಾ, ನಿನ್ನ ಗಂಡನಿಗೆ ಹೇಳು, ನಾನು ಅವನಿಗೆ ಡ್ರಮ್ಮು ಬಾರಿಸೋಳಲ್ಲ. ನನ್ನ ಚರ್ಚಿನ ಕೋಟಿಗೆ ಅವನ ಎಂಜಲು ಹಾರಿದ್ರೆ ಆ ಪೀಪಿ ಹಿಡ್ಕೊಂಡು ಬೀದಿಗೆ ಬೀಳ್ತಾನೆ ಅಂತಲೂ ಹೇಳು."

ಮಾತು ತಮಾಷೆಯದಲ್ಲ. ಮನೆ ಅವಳದು. ದಕ್ಷಿಣ ಶಿಕಾಗೋದ ಆ ಬೀದಿಯವರೆಲ್ಲ ಅವಳನ್ನು ಮದರ್ ಎಂದೇ ಕರೆಯುತ್ತಿದ್ದರು. ಚರ್ಚಿನಲ್ಲಿ ಬಿಳಿ ಉಡುಪಿನ ಹಿರಿಯ ಹೆಂಗಸರ ಸಾಲಿನಲ್ಲಿ ಮೊದಲ ಕುರ್ಚಿ ಅವಳದು. ಮಾಂಸದ ಕಾರ್ಖಾನೆ ಮುಚ್ಚಿ ವರ್ಡೆಲ್‌ನ ಕೆಲಸ ಹೋದ ಮೇಲೆ ಮಗಳು, ಅಳಿಯ, ಮೊಮ್ಮಗಳು ಮೂವರೂ ಬಂದು ಅವಳ ಮಹಡಿ ಸೇರಿದ್ದರು. ಅಂದಿನಿಂದ ಭಾನುವಾರದ ಊಟದಲ್ಲಿ ಅಳಿಯನ ತಟ್ಟೆಗೆ ಬೀಳುತ್ತಿದ್ದದ್ದು ಕೋಳಿಯ ಕತ್ತು, ಬೆನ್ನು. ಎದೆಯ ತುಂಡು ಪಾಸ್ಟರ್ ಬಂದರೆ ಪಾಸ್ಟರಿಗೆ, ಬಾರದಿದ್ದರೆ ಸೋಮವಾರಕ್ಕೆ.

ಹದಿನಾರು ವರ್ಷಕ್ಕೇ ಊದಲು ಶುರುಮಾಡಿದವನು ವರ್ಡೆಲ್. ಆಗ ಹೆಂಡದಂಗಡಿಯ ಕಟ್ಟೆ ಹತ್ತಿ, ಕುಡುಕರ ಲೋಟಗಳ ನಡುವೆ ಹೆಜ್ಜೆ ಹಾಕುತ್ತ, ಒಂದೇ ಸ್ವರವನ್ನು ಜನ ಹುಚ್ಚೇಳುವವರೆಗೆ ಊದಬೇಕಿತ್ತು. ಆಮೇಲೆ ಕುಣಿತದ ಬ್ಯಾಂಡೊಂದರ ಜೊತೆ ಬಸ್ಸಿನಲ್ಲಿ ದಕ್ಷಿಣದ ರಾಜ್ಯಗಳನ್ನೆಲ್ಲ ಸುತ್ತಿದ. ಒಂದು ಬೆಳಿಗ್ಗೆ, ಮೆಂಫಿಸ್‌ನಲ್ಲಿ, ಬೇರೆಯವರ ಹಾಡು ಇನ್ನು ಊದುವುದಿಲ್ಲ ಎಂದವನು ಬಸ್ಸು ಹತ್ತಲಿಲ್ಲ. ಊರಿಗೆ ಮರಳಿ, ಹೊಲಿಸ್ ಎಂಬ ಬೇಸ್ ವಾದಕನ ಜೊತೆಗೂಡಿ ಒಂದು ಕೂಟ ಕಟ್ಟಿದ. ಕೂಟಕ್ಕೆ ನಿಯಮ ಒಂದೇ: ವೇದಿಕೆ ಹತ್ತಿದವನು ತಾನೇ ಕಟ್ಟಿದ್ದನ್ನು ನುಡಿಸಬೇಕು. ತಾಳ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಸ್ವರ ಒಡೆದರೂ ಸರಿ, ಕಿರುಚಿದರೂ ಸರಿ. ಕಡ ತಂದದ್ದು ಮಾತ್ರ ಬೇಡ. ಭಾನುವಾರ ಮಧ್ಯಾಹ್ನ ಬಟ್ಟೆ ಒಗೆಯುವ ಅಂಗಡಿಯ ಮೇಲಿನ ಸಭಾಂಗಣದಲ್ಲಿ ಅವರು ನುಡಿಸುತ್ತಿದ್ದರು. ಕೇಳಲು ಬರುತ್ತಿದ್ದವರು ಹೆಚ್ಚಾಗಿ ವಾದಕರ ಹೆಂಡಂದಿರು. ಕ್ಲಿಯೋರಾ ಅದನ್ನೂ ಬಿಟ್ಟು ಬಹಳ ಕಾಲವಾಗಿತ್ತು. ಕೂಟದವರು ಒಮ್ಮೆ ಪ್ಯಾರಿಸ್‌ಗೆ ಹೋಗಿಬಂದಿದ್ದರು. ಅಲ್ಲಿ ಅಚ್ಚಾದ ರೆಕಾರ್ಡುಗಳ ಪೆಟ್ಟಿಗೆ ಮಂಚದ ಕೆಳಗಿತ್ತು. ಅದರ ಮೇಲೆ ಕ್ಲಿಯೋರಾ ಚಪ್ಪಲಿ ಇಡುತ್ತಿದ್ದಳು.

ಜನವರಿಯಲ್ಲಿ ಚರ್ಚಿನ ಆರ್ಗನ್ ನುಡಿಸುವ ಸಿಸ್ಟರ್ ಮಂಜುಗಡ್ಡೆಯ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡಳು. ಪಾಸ್ಟರ್ ಕ್ವಾರ್ಲ್ಸ್‌ ಅವರ ವಾರ್ಷಿಕೋತ್ಸವಕ್ಕೆ ಎರಡೇ ದಿನ. ಬೇರೆ ಚರ್ಚಿನವರೂ ಬರುವವರಿದ್ದರು.

"ಕ್ಲಿಯೋರಾ," ಎಂದಳು ಮದರ್ ಐಡೆಲ್, ಅಲಸಂದೆ ಕಾಳು ಆರಿಸುತ್ತ. ವರ್ಡೆಲ್ ಎದುರಿಗೇ ಕೂತಿದ್ದ. "ನಿನ್ನ ಗಂಡನಿಗೆ ಮನುಷ್ಯರು ಕೇಳೋ ಅಂಥದ್ದು ಏನಾದ್ರೂ ಊದೋಕೆ ಬರುತ್ತಾ ಕೇಳು."

"ಕೇಳಿಸ್ತಾ?" ಎಂದಳು ಕ್ಲಿಯೋರಾ ಗಂಡನಿಗೆ.

"ಕೇಳಿಸ್ತು. ನಾನು ಬೇರೆಯವರ ಹಾಡು ಊದಲ್ಲ."

"ದೇವರ ಹಾಡಪ್ಪ ಅದು! ಬೇರೆಯವರದ್ದಂತೆ!" ಮದರ್ ಮೊದಲ ಸಲ ನೇರವಾಗಿ ಅವನಿಗೇ ಹೇಳಿದಳು. ಹೇಳಿದ ಮೇಲೆ ಬೇಸರವಾಗಿ ಮತ್ತೆ ಮಗಳ ಕಡೆ ತಿರುಗಿದಳು. "ಇಡೀ ಚರ್ಚಿನ ಮುಂದೆ ನನ್ನ ಮಾನ ಹೋಗುತ್ತೆ. ನಾನು ಎಲ್ಲರಿಗೂ ಹೇಳಿಬಿಟ್ಟಿದ್ದೀನಿ."

"ಏನಂತ ಹೇಳಿದೀಯಾ?"

"ನನ್ನ ಅಳಿಯ ಸಂಗೀತಗಾರ ಅಂತ."

ಮೂಲೆಯಲ್ಲಿ ಪಾಠ ಬರೆಯುತ್ತಿದ್ದ ರೆನೀಟಾ ತಲೆಯೆತ್ತಿ ನೋಡಿದಳು. ಹದಿನೈದು ವರ್ಷದ ಅವಳು ಅಜ್ಜಿಯ ಬಾಯಲ್ಲಿ ಆ ಪದ ಕೇಳಿದ್ದು ಅದೇ ಮೊದಲು.

ವರ್ಡೆಲ್ ಹೋದ. ಕ್ಲಿಯೋರಾ ಇಸ್ತ್ರಿ ಮಾಡಿಕೊಟ್ಟ ಅಂಗಿ ತೊಟ್ಟು ಹೋದ. ಮೊದಲು ಚಪ್ಪಲಿ ಅಂಗಡಿಯಾಗಿದ್ದ ಆ ಚರ್ಚಿನ ಕಿಟಕಿಗಾಜಿಗೆ ಬಣ್ಣದ ಕಾಗದ ಅಂಟಿಸಿದ್ದರು. ಒಳಗೆ ಜನ ಮೊಣಕೈಗೆ ಮೊಣಕೈ ತಾಗಿಸಿ ಕೂತಿದ್ದರು. ಅವನು ತನ್ನದೇ ಒಂದನ್ನು ನಿಧಾನವಾಗಿ ಎತ್ತಿಕೊಂಡ. ಇಷ್ಟು ಊದಿ ಇಳಿದುಬಿಡೋಣ ಎಂದಿದ್ದ. ಆದರೆ ಜನ "ಹೂಂ", "ಹೇಳಪ್ಪ" ಎನ್ನತೊಡಗಿದರು. ಸಭಾಂಗಣದಲ್ಲಿ ಯಾರೂ ಅವನಿಗೆ ಹೂಂಗುಟ್ಟಿದ್ದಿಲ್ಲ. ಅವನ ಬೆರಳು ಮುಂದೆ ಹೋದವು. ಕಿರುಗುಡುವ ತುಂಡುತುಂಡು ಸ್ವರಗಳ ಸಾಲು, ಒಂದರ ಮೇಲೊಂದು, ಉಸಿರಿಗೆ ಜಾಗವಿಲ್ಲದಂತೆ. ಆಮೇಲೆ ಒಳಕ್ಕೆಳೆದ ಒಂದೇ ಉದ್ದನೆಯ ಕೀರಲು, ಇನ್ನೇನು ಹರಿಯುತ್ತದೆ ಎನ್ನುವಷ್ಟು ತೆಳ್ಳಗೆ. ಮತ್ತೆ ತುಂಡುಗಳು. ಮತ್ತೆ ಕೀರಲು.

ಎರಡನೇ ಕೀರಲಿಗೆ ಮದರ್ ಐಡೆಲ್ ಎದ್ದುನಿಂತಳು. ಟೋಪಿ ಬಿತ್ತು. ಮಂಡಿನೋವಿನವಳು, ಮೆಟ್ಟಿಲು ಹತ್ತಲು ಮೊಮ್ಮಗಳ ಹೆಗಲು ಬೇಕಾದವಳು, ಬೂಟು ಕಳಚಿ ಕುಣಿಯತೊಡಗಿದಳು. ಅವಳ ಹಿಂದೆ ಬಿಳಿ ಉಡುಪಿನ ಸಾಲಿಗೆ ಸಾಲೇ ಎದ್ದಿತು. ಪವಿತ್ರಾತ್ಮ ಮೈಮೇಲೆ ಬಂದು ಹೆಂಗಸೊಬ್ಬಳು ನೆಲಕ್ಕುರುಳಿದಳು. ಗೆಜ್ಜೆಬಿಲ್ಲೆಯ ದಮ್ಮಡಿಗಳು ಶುರುವಾದವು. ಪಾಸ್ಟರ್ ಕ್ವಾರ್ಲ್ಸ್ ಓಡಿಬಂದು ಸ್ಯಾಕ್ಸೊಫೋನಿನ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರು.

ಆ ದಿನದ ಊಟದಲ್ಲಿ ಎದೆಯ ತುಂಡು ವರ್ಡೆಲ್‌ನ ತಟ್ಟೆಗೆ ಬಿತ್ತು. ಬಡಿಸಿದವಳು ಮದರ್ ಐಡೆಲ್.

"ತಿನ್ನು ಮಗಾ."

ಕ್ಲಿಯೋರಾ ಕೈಯಲ್ಲಿದ್ದ ಸೌಟು ಹಾಗೇ ಹಿಡಿದು ನೋಡಿದಳು.

"ಆ ಸದ್ದು ನಾನೆಲ್ಲೋ ಕೇಳಿದ್ದೀನಿ," ಎಂದಳು ಮದರ್, ತಾನೂ ಕೂರುತ್ತ. "ಮಂಡಿಯೂರಿ ಪ್ರಾರ್ಥನೆ ಮಾಡ್ತಿದ್ದಾಗ, ಯಾವಾಗ್ಲೋ. ಮೇಲಿನಿಂದ ಬಂದ ಸದ್ದು ಅದು. ಅದನ್ನ ಕೇಳಿದ ಕಿವಿ ಮರೆಯಲ್ಲ."

ರೆನೀಟಾ ನಕ್ಕಳು. "ಅಜ್ಜಿ, ಅದು ಮೇಲಿಂದ ಬಂದಿದ್ದಲ್ಲ. ಕೋಟಿನ ಕೋಣೆಯಿಂದ ಬಂದಿದ್ದು. ಹಂದಿ ಕುಯ್ಯೋದು ಅಂತಿದ್ದೆಯಲ್ಲ, ಅದೇ."

"ಬಾಯಿ ಮುಚ್ಚಿ ಸೊಪ್ಪು ತಿನ್ನು."

"ನಿಜವಾಗ್ಲೂ! ಬೇಕಾದ್ರೆ ಅಪ್ಪನ್ನ ಕೇಳು. ಅದು ನನ್ನ ಕೆಮ್ಮು. ಎರಡು ವರ್ಷದೋಳಿದ್ದಾಗ ನಂಗೆ ನಾಯಿಕೆಮ್ಮು ಬಂದಿತ್ತಲ್ಲ, ಅಪ್ಪ ನನ್ನ ಎತ್ಕೊಂಡು ಕೂತು ಕೇಳಿ ಕೇಳಿ ಕಟ್ಟಿದ್ದು. ಮೊದಲು ಕೆಮ್ಮು, ಆಮೇಲೆ ಉಸಿರು ಎಳೆಯೋದು. ಅಪ್ಪಾ, ಹೇಳು."

ವರ್ಡೆಲ್ ಮಗಳನ್ನು ನೋಡಿ ಹೌದೆಂದು ತಲೆಯಾಡಿಸಿದ. ಬಾಯಿ ತುಂಬ ಕೋಳಿಯಿತ್ತು.

"ಆ ನಾಯಿಕೆಮ್ಮನ್ನ ದೇವರು ವಾಸಿಮಾಡಿದ," ಎಂದಳು ಮದರ್. "ನಾನು ಮಂಚದ ಪಕ್ಕ ಮಂಡಿಯೂರಿ ಅವನ ಕಾಲು ಹಿಡಿದೆ, ಅವನು ವಾಸಿಮಾಡಿದ. ವಾಸಿಯಾದ ಕೆಮ್ಮು ಹಿತ್ತಾಳೆ ಕೊಳವೇಲಿ ಬರುತ್ತಾ? ಏನು ಮಾತಾಡ್ತೀಯೇ!"

ಅಲ್ಲಿಗೆ ಆ ಮಾತು ಮುಗಿಯಿತು. ಕೋಳಿಯ ಎದೆಯ ತುಂಡು ಮಾತ್ರ ಮುಗಿಯಲಿಲ್ಲ. ಮುಂದಿನ ಭಾನುವಾರವೂ ಬಂತು, ಅದರಾಚೆಯದೂ ಬಂತು. ಕೋಟಿನ ಕೋಣೆಯ ಬಾಗಿಲಿಗೆ ಯಾರೂ ಗುದ್ದಲಿಲ್ಲ. ಅವನು ಒಳಗೆ ಊದುವಾಗ ಮದರ್ ಹೊರಗೆ ಕುರ್ಚಿ ಹಾಕಿಕೊಂಡು ಕಾಲ್ಚೀಲ ಹೊಲಿಯುತ್ತಿದ್ದಳು. ಒಮ್ಮೆ ನಡುವೆ "ಆಮೆನ್" ಎಂದಳು. ಒಳಗೆ ಅವನ ಬೆರಳು ತಪ್ಪಿತು.

ಫೆಬ್ರವರಿಯ ಕೊನೆಗೆ ಪಾಸ್ಟರ್ ಕ್ವಾರ್ಲ್ಸ್ ಊಟಕ್ಕೆ ಬಂದರು. ದಪ್ಪ ಮನುಷ್ಯ, ಮೆದು ಮಾತು. ಕೋಳಿ ಮುಗಿಸಿ, ಗೆಣಸಿನ ಸಿಹಿ ಮುಗಿಸಿ, ಕರವಸ್ತ್ರದಲ್ಲಿ ಬೆರಳೊರೆಸಿಕೊಳ್ಳುತ್ತ ಹೇಳಿದರು:

"ಬ್ರದರ್ ಓಕ್ಸ್, ಚರ್ಚಿಗೆ ಖಾಯಂ ಸಂಗೀತಗಾರ ಬೇಕು. ಜೊತೆಗೆ ಕಟ್ಟಡ ಬೆಚ್ಚಗಿಡೋ ಬಾಯ್ಲರ್ ನೋಡ್ಕೊಳ್ಳೋಕೂ ಒಬ್ಬ ಬೇಕು. ಎರಡಕ್ಕೂ ವಾರವಾರ ಸಂಬಳ ಕೊಡ್ತೀವಿ."

ಕ್ಲಿಯೋರಾ ಗಂಡನ ಕಡೆ ನೋಡಲಿಲ್ಲ. ಮೇಜುಬಟ್ಟೆಯ ಮಡಿಕೆ ಸರಿಮಾಡುತ್ತ ಕೂತಳು.

"ನನ್ನ ಷರತ್ತೇನೂ ಇಲ್ಲ," ಎಂದು ಪಾಸ್ಟರ್ ಮುಂದುವರಿಸಿದರು. "ನಮ್ಮಲ್ಲಿ ಹುದ್ದೆ ತಗೊಳ್ಳೋರು ಎಲ್ಲರ ಮುಂದೆ ನಿಂತು ಸಾಕ್ಷಿ ಹೇಳ್ಬೇಕು. ಅದೊಂದು ಪದ್ಧತಿ. ಕರ್ತನು ನಿನಗೆ ಆ ಸದ್ದು ಕೊಟ್ಟ, ನೀನು ಬರೀ ಕೊಳವೆ, ಅಷ್ಟು ಹೇಳಿದ್ರೆ ಸಾಕು. ಎರಡೇ ಮಾತು."

"ಅದು ನಾನು ಕಟ್ಟಿದ್ದು ಪಾಸ್ಟರ್. ಅದಕ್ಕೆ ಹನ್ನೆರಡು ವರ್ಷ ಹಿಡೀತು."

"ದೇವರ ಲೆಕ್ಕದಲ್ಲಿ ಹನ್ನೆರಡು ವರ್ಷ ಏನು ಮಹಾ?" ಪಾಸ್ಟರ್ ನಕ್ಕರು. "ನೀನು ಹನ್ನೆರಡು ವರ್ಷ ಊದಿದೆ, ಯಾರೂ ಎದ್ದು ನಿಲ್ಲಲಿಲ್ಲ. ಅವನು ಒಂದು ದಿನ ಊದಿದ, ಮದರ್ ಐಡೆಲ್ ಕುಣಿದರು. ವ್ಯತ್ಯಾಸ ನಿನಗೇ ಕಾಣಲ್ವಾ?"

ಪಾಸ್ಟರ್ ಹೋದ ಮೇಲೆ ಪಾತ್ರೆ ತೊಳೆಯುತ್ತ ಗಂಡಹೆಂಡತಿ ಜಗಳವಾಡಿದರು. ಮದರ್‌ಗೆ ಕೇಳಿಸಬಾರದೆಂದು ನಲ್ಲಿ ಜೋರಾಗಿ ಬಿಟ್ಟಿದ್ದರು.

"ಎರಡು ಮಾತು ಹೇಳಿದ್ರೆ ನಿನ್ನ ನಾಲಿಗೆ ಸವೆದುಹೋಗುತ್ತಾ?"

"ಕ್ಲಿಯೋ, ಅದು ನಂದು."

"ನಿಂದು ಅಂತ ಯಾರಿಗೆ ಗೊತ್ತು? ಇಷ್ಟು ವರ್ಷ ಒಬ್ಬರಾದ್ರೂ ಇದು ಯಾರದು ಅಂತ ಕೇಳಿದ್ರಾ?"

"ಈಗ ಕೇಳ್ತಿದಾರಲ್ಲ."

"ಈಗಲೂ ಕೇಳ್ತಿಲ್ಲ. ಯಾರದು ಅಂತ ಅವರಿಗೆ ಆಗ್ಲೇ ಗೊತ್ತು." ಅವಳು ಬಾಣಲೆಯನ್ನು ಬಡಿದಿಟ್ಟಳು. "ನೋಡು, ನಾನು ಆಸ್ಪತ್ರೆ ಅಡುಗೆಮನೇಲಿ ದಿನಾ ಡ್ರಮ್ಮುಗಟ್ಟಲೆ ಸೂಪು ಕಾಯಿಸ್ತೀನಿ. ಆ ಸೂಪಿಗೆ ಯಾರಾದ್ರೂ ನನ್ನ ಹೆಸರಿಟ್ಟಿದಾರಾ? ಕುಡೀತಾರೆ, ಬದುಕ್ತಾರೆ, ಹೋಗ್ತಾರೆ."

"ಸೂಪು ಬೇರೆ."

"ಹೌದು, ಬೇರೆ. ಸೂಪಿಂದ ಈ ಮನೆ ನಡೀತಿದೆ."

ಅವನು ಕೊನೆಯ ತಟ್ಟೆ ಒರೆಸಿಟ್ಟ. ನಲ್ಲಿ ನಿಲ್ಲಿಸಿದಾಗ ಪಕ್ಕದ ಕೋಣೆಯಿಂದ ಮದರ್ ಐಡೆಲ್ ಹೇಳಿದಳು: "ನಲ್ಲಿ ಬಿಟ್ಟಿದ್ರೂ ಕೇಳಿಸುತ್ತೆ ಕಣ್ರೇ. ಮನೆ ನಂದು."

ರೆನೀಟಾ ಮರುದಿನ ಅಪ್ಪನನ್ನು ಕೋಟಿನ ಕೋಣೆಯ ಬಾಗಿಲಲ್ಲೇ ಹಿಡಿದಳು.

"ಹೇಳಲ್ಲ ಅಲ್ವಾ?"

"ಏನು?"

"ದೇವರು ಕೊಟ್ಟ ಅಂತ."

"ಸುತ್ತಿ ಬಳಸಿ ಏನೋ ಒಂದು ಹೇಳ್ತೀನಿ ಬಿಡು. ಉಸಿರು ದೇವರದ್ದು ಅಂದ್ರೆ ಸುಳ್ಳೇನೂ ಅಲ್ಲವಲ್ಲ. ಅವರಿಗೂ ಆಯ್ತು, ನಮಗೂ ಆಯ್ತು."

"ಅಷ್ಟೇ ಹೇಳು ಹಾಗಾದ್ರೆ. ಮುಂದಕ್ಕೆ ಹೋಗ್ಬೇಡ."

"ನಿಮ್ಮಪ್ಪ ಏನು ದಡ್ಡನಾ?"

ಸಾಕ್ಷಿಯ ಭಾನುವಾರ ರೆನೀಟಾ ಹುಡುಗಿಯರ ಸಾಲಿನಲ್ಲಿ ದಮ್ಮಡಿ ಹಿಡಿದು ನಿಂತಿದ್ದಳು. ವರ್ಡೆಲ್ ಮುಂದೆ ಬಂದ. ಸ್ಯಾಕ್ಸೊಫೋನು ಕೊರಳಲ್ಲಿ ತೂಗುತ್ತಿತ್ತು.

"ಉಸಿರು ದೇವರದ್ದು," ಎಂದ.

"ಹೌದಪ್ಪ!" ಎಂದಿತು ಚರ್ಚು.

"ನಾನು ಆ ಉಸಿರನ್ನ..." ಅವನು ತಡೆದ. "ಅದನ್ನ ತಗೊಂಡು..."

"ಹೇಳು ಮಗಾ!" ಎಂದಳು ಮದರ್ ಐಡೆಲ್ ಮೊದಲ ಕುರ್ಚಿಯಿಂದ.

"ನಾನು ಅದನ್ನ ಊದಿದೆ."

"ಊದಿದ್ದು ಯಾರು?" ಪಾಸ್ಟರ್ ಹಿಂದಿನಿಂದ, ಮೆತ್ತಗೆ.

"ಊದಿದ್ದು ನಾನು, ಆದ್ರೆ..."

"ಆದ್ರೆ!" ಎಂದಿತು ಚರ್ಚು. ಎಲ್ಲರೂ ಮುಂದಕ್ಕೆ ವಾಲಿದರು. ಹೆಂಡದಂಗಡಿಯ ಕಟ್ಟೆಯ ಮೇಲೂ ಜನ ಹೀಗೇ ವಾಲುತ್ತಿದ್ದರು. ಇನ್ನೊಂದು ಹೆಜ್ಜೆ, ಇನ್ನೊಂದು ಸ್ವರ. ಆ ವಾಲುವಿಕೆಯನ್ನು ಖಾಲಿ ಕೈಯಲ್ಲಿ ಕಳಿಸಲು ಅವನಿಗೆ ಎಂದೂ ಬರುತ್ತಿರಲಿಲ್ಲ.

"ಆದ್ರೆ ಸದ್ದು ನಂದಲ್ಲ."

"ಯಾರದು?"

"ಅವನದು."

"ಹಲ್ಲೆಲೂಯ! ನೀನು ಕಟ್ಟಿದೆಯಾ?"

"ಇಲ್ಲ."

"ಜೋರಾಗಿ ಹೇಳು!"

"ಇಲ್ಲ! ನಾನು ಕಟ್ಟಲಿಲ್ಲ! ಪಾಸ್ಟರ್ ಈ ಪೀಪಿ ಮೇಲೆ ಕೈಯಿಟ್ಟ ದಿನ ಅದು ಬಂತು. ಅದಕ್ಕೆ ಮುಂಚೆ ಇದರಲ್ಲಿ ಏನೂ ಇರಲಿಲ್ಲ. ಬರೀ ಗದ್ದಲ ಇತ್ತು!"

ಚರ್ಚು ಎದ್ದು ನಿಂತಿತು. ಪೀಪಿ ಎಂಬ ಅತ್ತೆಯ ಮಾತನ್ನೇ ತಾನು ಆಡಿದ್ದು ಗೊತ್ತಾಗುವಷ್ಟರಲ್ಲಿ ಅವನು ಊದುತ್ತಿದ್ದ, ತುಂಡು ಸ್ವರಗಳ ಸಾಲು, ಉದ್ದನೆಯ ಕೀರಲು. ಸುತ್ತ ದಮ್ಮಡಿಗಳು ಸಿಡಿದವು. ರೆನೀಟಾಳದು ಅವಳ ಕೈಯಲ್ಲಿ ಸುಮ್ಮನೆ ಇತ್ತು. ಪಕ್ಕದ ಹುಡುಗಿ ಮೊಣಕೈಯಿಂದ ತಿವಿದಳು, ಅವಳು ಬಾರಿಸಲಿಲ್ಲ.

ಮಾರ್ಚ್ ತಿಂಗಳು ಪೂರ್ತಿ ಮನೆ ಹಗುರವಾಗಿತ್ತು. ವರ್ಡೆಲ್ ಬೆಳಿಗ್ಗೆ ಎದ್ದು ಬಾಯ್ಲರ್ ಹೊತ್ತಿಸಲು ಹೋಗುತ್ತಿದ್ದ. ಕ್ಲಿಯೋರಾ ಆಸ್ಪತ್ರೆಯ ಎರಡನೇ ಪಾಳಿ ಬಿಟ್ಟಳು; ಒಂದು ಸಂಜೆ ಕಾಲು ಚಾಚಿ ಕೂತು ಏನು ಮಾಡಬೇಕೆಂದು ತಿಳಿಯದೆ ತಾನೇ ನಕ್ಕಳು. ರೆನೀಟಾ ತನ್ನ ಪಾಲಿನ ಕೆಲಸ ಮಾಡುತ್ತಿದ್ದಳು. ಕಸ ಗುಡಿಸುತ್ತಿದ್ದಳು, ಅಜ್ಜಿಯ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಅಪ್ಪ ಕೇಳಿದ್ದಕ್ಕೆ "ಹೂಂ", "ಉಹೂಂ".

"ಹುಡುಗಿಗೆ ಏನಾಗಿದೆ?" ಎಂದು ಅವನು ಕೇಳಿದ.

"ವಯಸ್ಸು," ಎಂದಳು ಕ್ಲಿಯೋರಾ.

"ಸೈತಾನ," ಎಂದಳು ಮದರ್.

ಒಂದು ಶುಕ್ರವಾರ ಹೊಲಿಸ್ ಬಂದ. ಗೇಣುದ್ದದ ಗಡ್ಡ, ಯಾರದೋ ಹಳೆಯ ಸೈನಿಕ ಕೋಟು. ಮದರ್ ಅವನಿಗೆ ಅಡುಗೆಮನೆಯಲ್ಲೇ ಕೂರಲು ಹೇಳಿ, ನೆಲಕ್ಕೆ ಹಳೆಯ ಪತ್ರಿಕೆ ಹಾಸಿ ಬೂಟು ಅದರ ಮೇಲಿಡಿಸಿದಳು.

"ಸುದ್ದಿ ಬಂತಪ್ಪ," ಎಂದ ಹೊಲಿಸ್. "ನಿನ್ನ ಕೆಮ್ಮನ್ನ ದೇವರಿಗೆ ದಾನ ಮಾಡಿದೆಯಂತೆ. ಒಳ್ಳೇದು. ಇನ್ಮೇಲೆ ಮಂಗಳವಾರದ ಅಭ್ಯಾಸಕ್ಕೆ ಯಾರು ಬರ್ತಾರೆ, ನೀನಾ ಅವನಾ? ಅವನಾದ್ರೆ ಹೊತ್ತಿಗೆ ಸರಿಯಾಗಿ ಬರೋಕೆ ಹೇಳು."

"ಹೊಟ್ಟೆಪಾಡು ಹೊಲಿಸ್."

"ನಾನೇನೂ ಅಂದಿಲ್ಲ. ನನ್ನ ಹೊಟ್ಟೆ ಏನು ಬೇರೆಯವರದ್ದಾ?" ಅವನು ಕಾಫಿ ಕುಡಿದು ಲೋಟ ಕೆಳಗಿಟ್ಟ. "ನ್ಯೂಯಾರ್ಕಿಂದ ಒಬ್ಬ ಬರ್ತಿದಾನೆ. ಸಣ್ಣ ಕಂಪನಿ. ಕೂಟದ ರೆಕಾರ್ಡು ಮಾಡ್ತಾನಂತೆ. ಅವನಿಗೆ ಬೇಕಾಗಿರೋದು ಅದೇ, ನಿನ್ನ ಕೆಮ್ಮು. ರೆಕಾರ್ಡಿನ ಒಂದು ಬದಿ ಪೂರ್ತಿ. ನಿಯಮ ಗೊತ್ತಲ್ಲ? ಕಟ್ಟಿದೋನ ಹೆಸರು ಬೇಕು. ಯಾರ ಹೆಸರು ಬರೀಲಿ?"

ವರ್ಡೆಲ್ ಬಾಗಿಲ ಕಡೆ ನೋಡಿದ. ಮದರ್ ಹೊರಗಿನ ಕೋಣೆಯಲ್ಲಿ ರೇಡಿಯೋ ಹಾಕಿದ್ದಳು.

"ನಂದು ಬರಿ," ಎಂದ, ದನಿ ತಗ್ಗಿಸಿ.

"ಚರ್ಚಿನೋರಿಗೆ ಗೊತ್ತಾದ್ರೆ?" ಎಂದಳು ಒಲೆಯ ಬಳಿಯಿದ್ದ ಕ್ಲಿಯೋರಾ.

"ಚರ್ಚಿನೋರು ಈ ರೆಕಾರ್ಡು ಕೊಳ್ಳಲ್ಲ."

"ಅದೂ ನಿಜ," ಎಂದ ಹೊಲಿಸ್. "ಯಾರೂ ಕೊಳ್ಳಲ್ಲ."

ಮೂವರೂ ನಕ್ಕರು. ಬಹಳ ದಿನಗಳ ಮೇಲೆ ಆ ಅಡುಗೆಮನೆಯಲ್ಲಿ ಮೂರು ಜನ ಒಟ್ಟಿಗೆ ನಕ್ಕಿದ್ದರು. ಭಾನುವಾರ ಬೆಳಿಗ್ಗೆ ಅದು ದೇವರದು, ಮಂಗಳವಾರ ಅದು ತನ್ನದು. ಇಷ್ಟು ಸುಲಭದ ಉಪಾಯ ತನಗೆ ಮೊದಲೇ ಹೊಳೆಯಲಿಲ್ಲವಲ್ಲ ಎಂದು ವರ್ಡೆಲ್‌ಗೆ ಅನಿಸಿತು.

ಶನಿವಾರ ಮಧ್ಯಾಹ್ನ ಕ್ಲಿಯೋರಾ ಒಲೆಯ ಮೇಲೆ ಕಬ್ಬಿಣದ ಬಾಚಣಿಗೆ ಕಾಯಿಸಿ ಮಗಳ ಗುಂಗುರು ಕೂದಲು ನೆಟ್ಟಗೆ ಮಾಡುತ್ತಿದ್ದಳು. ರೆನೀಟಾ ಸ್ಟೂಲಿನ ಮೇಲೆ ಕೂತು ಕತ್ತು ಬಗ್ಗಿಸಿ, ಬೆರಳಲ್ಲಿ ಕಿವಿ ಮಡಿಸಿ ಹಿಡಿದುಕೊಂಡಿದ್ದಳು. ಅಡುಗೆಮನೆಯಲ್ಲಿ ಸುಟ್ಟ ಎಣ್ಣೆಯ ಕಮಟು. ವರ್ಡೆಲ್ ಕುರ್ಚಿ ಎಳೆದು ಅವಳ ಎದುರು ಕೂತ.

"ಒಂದು ಸುದ್ದಿ ಇದೆ."

"ಅವಳನ್ನ ಅಲ್ಲಾಡಿಸ್ಬೇಡ. ಚರ್ಮ ಸುಡುತ್ತೆ," ಎಂದಳು ಕ್ಲಿಯೋರಾ.

"ರೆಕಾರ್ಡು ಆಗ್ತಿದೆ, ರೆನೀ. ನಿನ್ನ ಕೆಮ್ಮು. ಒಂದು ಬದಿ ಪೂರ್ತಿ ಅದೇ. ಮಂಗಳವಾರ ಸ್ಟುಡಿಯೋಗೆ ನೀನೂ ಬಾ, ಶಾಲೆಗೆ ಚೀಟಿ ನಾನು ಬರ್ಕೊಡ್ತೀನಿ. ಗಾಜಿನ ಆಚೆ ಕೂತು ಕೇಳು."

ಬಾಚಣಿಗೆ ಹಾದುಹೋದಲ್ಲಿ ಕೂದಲು ಚುರುಗುಟ್ಟಿತು.

"ಅದಕ್ಕೆ ಇನ್ನೂ ಹೆಸರಿಟ್ಟಿರಲಿಲ್ಲ, ನಿಂಗೊತ್ತಲ್ಲ. ಹೊಲಿಸ್‌ಗೆ ಹೇಳಿದ್ದೀನಿ, ಹೆಸರು 'ರೆನೀಟಾ' ಅಂತ. ಬರೀ ರೆನೀಟಾ. ರೆಕಾರ್ಡಿನ ರಟ್ಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರುತ್ತೆ. ನ್ಯೂಯಾರ್ಕಿನ ಅಂಗಡಿಗಳಲ್ಲಿ ಇಡ್ತಾರೆ. ಪ್ಯಾರಿಸ್‌ಗೂ ಹೋಗುತ್ತೆ."

"ಬೇಡ," ಎಂದಳು ರೆನೀಟಾ.

"ಏನು ಬೇಡ? ಸ್ಟುಡಿಯೋಗೆ ಬರೋದಾ?"

"ಹೆಸರು."

"ಅದು ನಿಂದೇ ಅಲ್ವೇನೇ? ನಿನ್ನ ಉಸಿರಿಂದ ತಾನೇ ನಾನು..."

"ಅವತ್ತು ಚರ್ಚಲ್ಲಿ ಹಾಗೆ ಹೇಳ್ಲಿಲ್ಲ ನೀನು."

"ಅವತ್ತು ಹೇಳಿದ್ದು ಸಂಬಳಕ್ಕೆ. ಇದು ನಿಜವಾದದ್ದು. ನಿಂಗಷ್ಟು ತಿಳಿಯಲ್ವಾ?"

"ತಿಳಿಯುತ್ತೆ."

"ಮತ್ತೆ?"

ಕ್ಲಿಯೋರಾ ಬಾಚಣಿಗೆಯನ್ನು ಮತ್ತೆ ಉರಿಯ ಮೇಲಿಟ್ಟಳು. "ಒಪ್ಕೊಳ್ಳೇ," ಎಂದಳು ಮೆಲ್ಲಗೆ. "ಎಷ್ಟು ಆಸೆಯಿಂದ ಕೊಡ್ತಿದಾನೆ ನೋಡು."

ರೆನೀಟಾ ಕಿವಿ ಬಿಟ್ಟು, ಬಗ್ಗಿಸಿದ ಕತ್ತನ್ನು ನೇರ ಮಾಡಿ ಅಪ್ಪನ ಮುಖ ನೋಡಿದಳು. ಅರ್ಧ ತಲೆಯ ಕೂದಲು ನೆಟ್ಟಗಾಗಿತ್ತು, ಅರ್ಧ ಇನ್ನೂ ಗುಂಗುರಾಗಿ ನಿಂತಿತ್ತು.

"ಬೇಡ ಅಂದೆನಲ್ಲ. ನನ್ನ ಹೆಸರು ಹಾಕ್ಬೇಡ."